ಕಂಬದ ಮಾದೇವಿಯೂ ಬೆಳ್ಳಿ ಉಡಿದಾರವೂ

ಭಾಳ ಹಿಂದೆ, ಹೊಳೆಗೆ ಇನ್ನೂ ಸೇತುವೆ ಬಾರದ ಕಾಲದಲ್ಲಿ, ಹೊಳೆ ಹೋಗಿ ಸಮುದ್ರ ಸೇರುವ ಕಡೆ ಕಗ್ಗದಕೊಪ್ಪ ಅಂತ ಒಂದು ಊರಿತ್ತಂತೆ. ಇತ್ತಂತೆ ಏನು, ಈಗಲೂ ಇದೆ. ಆದರೆ ಆಗಿನದ್ದು ಬೇರೆ. ಒಂದು ಬದಿಗೆ ಉಪ್ಪಿನ ಆಗರ, ಇನ್ನೊಂದು ಬದಿಗೆ ದೋಣಿ ಕಟ್ಟುವ ಧಕ್ಕೆ, ನಡುವೆ ನಲವತ್ತು ಮನೆ, ನಲವತ್ತು ಮನೆಗೆ ನಾನೂರು ನಾಲಿಗೆ. ಇಸವಿ ಯಾರೂ ಬರೆದಿಟ್ಟಿಲ್ಲ. ಕೇಳಿದರೆ ಒಬ್ಬರು ದೊಡ್ಡ ನೆರೆಗಿಂತ ಮುಂಚೆ ಅಂತಾರೆ, ಇನ್ನೊಬ್ಬರು ಆಮೇಲೆ ಅಂತಾರೆ. ಎರಡೂ ಕಡೆಯವರು ಕೈ ಕೈ ಮಿಲಾಯಿಸುವ ತನಕ ಹೋಗುತ್ತಾರೆ.

ಆ ಊರಿನಲ್ಲಿ ಮಾದೇವಿ ಅಂತ ಒಬ್ಬಳಿದ್ದಳು. ಕಂಬದ ಮಾದೇವಿ. ಏಳು ಸಮುದ್ರದ ಆಚೆಯವನು ಕೆಮ್ಮಿದರೂ ಅವಳಿಗೆ ಕೇಳುತ್ತಿತ್ತು ಅಂತಾರೆ. ಅವಳ ಕಂಬದ ಮೇಲೆ ಕಾಗೆ ಕೂತರೆ ಕಾಗೆಗೆ ಇಂಗ್ಲಿಷ್ ಬರುತ್ತಿತ್ತು ಅಂತಾರೆ. ಕಂಬ ಏಳು ತೆಂಗಿನಮರದಷ್ಟು ಎತ್ತರ ಇತ್ತು ಅಂತಾರೆ. ಇದ್ದದ್ದು ಮೂವತ್ತು ಮೂವತ್ತೈದು ಅಡಿ. ಇರಲಿ, ಹೇಳುವವರ ಬಾಯಲ್ಲಿ ಬೆಳೆದಿದೆ, ಬೆಳೆಯಲಿ.

ಮಾದೇವಿ ಓದಿದ್ದು ನಾಲ್ಕನೇ ಕ್ಲಾಸು. ಅವಳ ಗಂಡ ಸಣ್ಣು ಅಂಬಿಗ ಹಡಗಿನಲ್ಲಿ ವಾಯರ್‌ಲೆಸ್ ಕೆಲಸದವನು. ಎದೆ ಕೆಟ್ಟು ಊರಿಗೆ ಬಂದ. ಬರುವಾಗ ಎಲ್ಲ ಗಂಡಸರು ತರುವ ಹಾಗೆ ಸೀರೆ, ಅತ್ತರು ತರಲಿಲ್ಲ. ಒಂದು ಕಬ್ಬಿಣದ ಪೆಟ್ಟಿಗೆ ತಂದ. ಹ್ಯಾಮ್ ರೇಡಿಯೋ ಅಂತ ಅದಕ್ಕೆ. ಮನೆಯಲ್ಲೇ ಕೂತು, ಸರ್ಕಾರದ ಲೈಸೆನ್ಸು ಇಟ್ಟುಕೊಂಡು, ಟೆಲಿಗ್ರಾಂನವರ ಹಾಗೆ ಕೀಲಿ ಒತ್ತಿ ಒತ್ತಿ, ದೇಶ ದೇಶದವರ ಜೊತೆ ಟಿಕ್ಕಿ ಟಿಕ್ಕಿ ಅಂತ ಮಾತಾಡುವ ಯಂತ್ರ. ಅದಕ್ಕೊಂದು ಆಂಟೆನಾ ಬೇಕು ಅಂತ ಹಿತ್ತಲಿನಲ್ಲಿ, ಆಗರದ ಅಂಚಿನಲ್ಲಿ, ಅಲ್ಯುಮಿನಿಯಂ ಕಂಬ ನೆಟ್ಟಗೆ ನಿಲ್ಲಿಸಿದ. ಉಪ್ಪು ಕುಡಿದ ನೆಲ ಇದ್ದರೆ ಕಂಬದ ಮಾತು ದೂರ ಹೋಗುತ್ತದೆ ಅಂತ ಅವನ ಲೆಕ್ಕಾಚಾರ.

ಈ ಕಂಬದ ಬುಡದ ವಿಷಯ ಸ್ವಲ್ಪ ಕಿವಿಗೊಟ್ಟು ಕೇಳಿ. ಕಂಬ ನೇರವಾಗಿ ನೆಲದ ಮೇಲೆ ನಿಂತಿರಲಿಲ್ಲ. ಕೆಳಗೆ ದಪ್ಪ ಪಿಂಗಾಣಿಯ ಗಟ್ಟಿ, ಅದರ ಮೇಲೆ ಕಂಬ. ಸುತ್ತ ಮಣ್ಣಿನೊಳಗೆ ಮೂವತ್ತೆರಡು ತಾಮ್ರದ ತಂತಿ, ಮರದ ಬೇರಿನ ಹಾಗೆ ಎಲ್ಲ ದಿಕ್ಕಿಗೂ ಹರಡಿದ್ದವು. ಆ ಬೇರೆಲ್ಲ ಬಂದು ಕಂಬದ ಬುಡದಲ್ಲಿ ಒಂದು ತಾಮ್ರದ ಬಳೆಗೆ ಸೇರುತ್ತಿದ್ದವು. ಕಂಬ ಗಂಡ, ಬಳೆ ಹೆಂಡತಿ, ಹತ್ತಿರ ಇರಬೇಕು ಆದರೆ ತಾಗಬಾರದು, ತಾಗಿದರೆ ಪೆಟ್ಟಿಗೆ ಮೂಕ, ಅಂತ ಸಣ್ಣು ಹೆಂಡತಿಗೆ ಕಲಿಸಿದ. ಹಾಗೆ ಕಲಿಸಿದ್ದಕ್ಕೇ ಹನ್ನೆರಡು ವರ್ಷವಾದರೂ ತೊಟ್ಟಿಲು ತೂಗಲಿಲ್ಲ ಅಂತ ಅವಳ ವಾರಗಿತ್ತಿ ಬೀರಮ್ಮ ಊರೆಲ್ಲ ಹೇಳಿಕೊಂಡು ಬಂದಳು. ಮಳೆ ನೀರು ಬೀಳಬಾರದು ಅಂತ ಬುಡಕ್ಕೆ ಒಂದು ತಳ ಒಡೆದ ಮಣ್ಣಿನ ಗಡಿಗೆ ಬೋರಲು ಹಾಕಿದ್ದ ಸಣ್ಣು, ಕಂಬಕ್ಕೆ ಲಂಗ ಉಡಿಸಿದ ಹಾಗೆ.

ಸಣ್ಣು ಸತ್ತ. ಕಂಬ ಗುಜರಿಗೆ ಹೋಗುತ್ತದೆ ಅಂತ ಊರು ಕಾದಿತ್ತು. ಮಾದೇವಿ ಏನು ಮಾಡಿದಳು? ವರ್ಷ ಕಳೆದ ಮೇಲೆ ಪಟ್ಟಣಕ್ಕೆ ಹೋಗಿ, ಮೀಸೆ ಇದ್ದವರ ನಡುವೆ ಕೂತು, ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸನ್ನು ತನ್ನ ಹೆಸರಿಗೇ ತಂದಳು. ಬೆಳಿಗ್ಗೆ ಹೊಳೆ ಇಳಿದಾಗ ಬೆಳಚು, ಅಂದರೆ ಚಿಪ್ಪುಮೀನು, ಹೆಕ್ಕಿ ಮಾರುವುದು, ಸಂಜೆ ನಾಲ್ಕು ಗಂಟೆಗೆ ಕದ ಹಾಕಿಕೊಂಡು ಪೆಟ್ಟಿಗೆ ಮುಂದೆ ಕೂರುವುದು.

ಕದ ಹಾಕಿಕೊಂಡು! ಗಂಡ ಸತ್ತವಳು! ಬೀರಮ್ಮ ಕಿಟಕಿ ಕೆಳಗೆ ಕೂತು ಕೇಳಿಸಿಕೊಂಡಳು. ಒಳಗೆ ಟಿಕ್ಕಿ ಟಿಕ್ಕಿ. ನಡುವೆ ಮಾದೇವಿ ಕಿಸಕ್ಕನೆ ನಗುವುದು. ಯಾರೋ ಇದ್ದಾನೆ ಅಂತ ಬೀರಮ್ಮ ಧಕ್ಕೆಯಲ್ಲಿ ಹೇಳಿದಳು. ಒಬ್ಬನಲ್ಲ, ಊರಿಗೊಬ್ಬ ಅಂತ ಬಾವಿಕಟ್ಟೆಯಲ್ಲಿ ಹೇಳಿದಳು. ಕೊಂಕಣದ ಒಂದು ಬಂದರಿನಲ್ಲಿ ಸಾವಂತ ಮಾಸ್ತರ ಅಂತ ಒಬ್ಬ ದಿನಾ ನಾಲ್ಕಕ್ಕೆ ಅವಳ ಜೊತೆ ಟಿಕ್ಕಿಸುತ್ತಾನೆ ಅನ್ನುವುದೂ ಹೊರಗೆ ಬಿತ್ತು. ಆ ಮಾಸ್ತರನಿಗೆ ಎಪ್ಪತ್ತೆರಡು ವರ್ಷ, ಬಾಯಲ್ಲಿ ಒಂದೂ ಹಲ್ಲಿಲ್ಲ ಅನ್ನುವುದು ಮಾತ್ರ ಹೊರಗೆ ಬೀಳಲಿಲ್ಲ. ಬಿದ್ದಿದ್ದರೆ ಸುದ್ದಿಗೆ ಏನು ರುಚಿ ಇರುತ್ತಿತ್ತು?

ಬೀರಮ್ಮನ ಗಂಡ ಜಟ್ಟಪ್ಪ, ಅಂದರೆ ಮಾದೇವಿಗೆ ಬಾವ, ಮನೆತನದ ಮರ್ಯಾದೆ ಹೋಯಿತು ಅಂತ ಹಾರಾಡಿದ. ಈ ಸಲ ಮೀನಿಗೆ ಹೋಗಿ ಬಂದಕೂಡಲೇ ಕಂಬಕ್ಕೆ ಗರಗಸ ಇಡುತ್ತೇನೆ ಅಂತ ಹತ್ತು ಜನರ ಎದುರು ಆಣೆ ಹಾಕಿದ. ಆಣೆ ಹಾಕಿ, ಏಳು ಜನರನ್ನು ಕರೆದುಕೊಂಡು, ಸಮುದ್ರಲಕ್ಷ್ಮಿ ಅನ್ನುವ ದೋಣಿ ಹತ್ತಿ ಬಡಗು ದಿಕ್ಕಿಗೆ ಹೋದ.

ನಾಲ್ಕನೇ ದಿನ ಗಾಳಿ ಎದ್ದಿತು. ಎಂಥ ಗಾಳಿ ಅಂದರೆ, ಒಬ್ಬರ ಮನೆಯ ಹಂಚು ಇನ್ನೊಬ್ಬರ ಮನೆಗೆ ಹೋಗಿ ಕೂತು, ಆಮೇಲೆ ಅದಕ್ಕೂ ಜಗಳವಾಯಿತು ಅಂತಾರೆ. ಕರೆಂಟು ಹೋಯಿತು. ಪೋಸ್ಟಾಫೀಸಿನ ಫೋನಿನ ತಂತಿ ತಾಲೂಕಿಗೆಲ್ಲ ಹರಿದು ಬಿತ್ತು. ಹೊಳೆ ಉಕ್ಕಿ ದಾರಿ ಮುಚ್ಚಿತು. ಗಾಳಿ ನಿಂತ ಮೇಲೂ ದೋಣಿ ಬರಲಿಲ್ಲ. ಐದು ದಿನ, ಆರು ದಿನ, ಏಳು ದಿನ. ಎಂಟು ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಆ ಊರಿಗೆ ಒಂದು ಪದ್ಧತಿ ಇತ್ತು. ದೋಣಿ ತಡವಾದರೆ, ಹೋದವನು ಮೈಮೇಲೆ ಹಾಕಿಕೊಳ್ಳುತ್ತಿದ್ದ ಯಾವುದಾದರೂ ಒಂದನ್ನು ಹೆಂಡತಿ ತಂದು ಧಕ್ಕೆಯ ಗೂಟಕ್ಕೆ ಕಟ್ಟಬೇಕು. ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿ ನೆಲಕ್ಕೆ ತಾಗಿರಬೇಕು. ತುದಿ ನೆಲ ಮುಟ್ಟಿದರೆ ದೋಣಿ ನೆಲ ಮುಟ್ಟುತ್ತದೆ. ಅವನು ಬರುವ ತನಕ ಬೇರೆ ಯಾರೂ ಅದನ್ನು ಮುಟ್ಟಬಾರದು. ಮುಟ್ಟಿದರೆ ಕಟ್ಟಿದವಳ ತಾಳಿ ಹೋಯಿತು. ಆದರೆ ಆ ಸಲ ಧಕ್ಕೆಯ ಗೂಟವನ್ನೇ ಹೊಳೆ ಕಿತ್ತುಕೊಂಡು ಹೋಗಿತ್ತು.

ಏಳನೇ ದಿನ ಆ ಎಂಟು ಮನೆಯ ಹೆಂಗಸರು ಮಾದೇವಿಯ ಅಂಗಳಕ್ಕೆ ಬಂದು ನಿಂತರು. ಹಿಂದೆ ಊರೇ ಬಂತು. ಒಬ್ಬಳು ಕೇಳಿದಳು.

"ಮಾದೇವಕ್ಕ, ನಿನ್ನ ಪೆಟ್ಟಿಗೇಲಿ ಬಡಗು ಬಂದ್ರದವ್ರನ್ನ ಒಂದು ಮಾತು ಕೇಳೂಕಾಗ್ತದಾ?"

ಮಾದೇವಿಗೆ ಮುಖ ಎತ್ತಲಾಗಲಿಲ್ಲ. ಯಾಕೆಂದರೆ ಅವಳು ಆಗಲೇ ಎರಡು ದಿನದಿಂದ ಕೇಳುತ್ತಿದ್ದಳು. ಗಾಳಿಗೆ, ಸಿಡಿಲಿಗೆ ಹೆದರಿ ತೆಗೆದಿಟ್ಟ ಕೇಬಲ್ಲನ್ನು ಆರನೇ ದಿನ ಮತ್ತೆ ಸಿಕ್ಕಿಸಿದ್ದಳು. ಪೆಟ್ಟಿಗೆ ಮೂಕ. ಅವಳು ಕಳಿಸಿದ ಮಾತು ಕಂಬ ಹತ್ತುವುದೇ ಇಲ್ಲ, ಹೋದ ಹಾಗೇ ವಾಪಸು ಬರುತ್ತದೆ. ಪೆಟ್ಟಿಗೆಯ ಪಕ್ಕದ ಮೀಟರಿನ ಮುಳ್ಳು ಅದನ್ನೇ ಹೇಳುತ್ತಿತ್ತು, ಕೆಂಪು ಮನೆಯಲ್ಲಿ ನಿಂತು.

"ಕೇಳೂಕೆ ಆಗ್ತದೆ ತಂಗಿ," ಅಂದಳು. "ಆದ್ರೆ ಅದ್ಕೆ ಗಂಟ್ಲು ಕಟ್ಟಿದೆ."

"ಬ್ಯಾಡದ ದಿನ ವಟವಟ, ಬೇಕಾದ ದಿನ ಗಂಟ್ಲು ಕಟ್ಟೂದು!" ಹಿಂದಿನಿಂದ ಬೀರಮ್ಮ. "ಕೊಂಕಣದವನ ಜೊತೆ ನಗೂಕೆ ಮಾತ್ರ ಬರ್ತದೆ ಅದ್ಕೆ!"

ಬೇರೆ ಯಾರಾದರೂ ಆಗಿದ್ದರೆ ಕದ ಹಾಕಿಕೊಳ್ಳುತ್ತಿದ್ದರು. ಮಾದೇವಿ ಅವತ್ತು ಮೊದಲ ಸಲ ಕದ ಪೂರ್ತಿ ತೆರೆದಳು, ಬಂದು ನೋಡಿ ಅಂದಳು. ನಲವತ್ತು ಮನೆಯೂ ನುಗ್ಗಿತು. ಬಂದವರ ಕಣ್ಣು ಮೊದಲು ಮಂಚದ ಕೆಳಗೆ ಹೋಯಿತು, ಆಮೇಲೆ ಪೆಟ್ಟಿಗೆ ಕಡೆಗೆ ಅಂತಾರೆ.

ಅವಳು ಹುಡುಕಿದ ಕ್ರಮವನ್ನು ಆ ಊರಿನಲ್ಲಿ ಈಗಲೂ ಬೆರಳು ಮಡಚಿ ಹೇಳುತ್ತಾರೆ. ಕರೆಂಟು ಇಲ್ಲದ್ದಕ್ಕೆ ದೋಣಿಯ ಹಳೇ ಬ್ಯಾಟರಿಗೆ ಪೆಟ್ಟಿಗೆ ಕಟ್ಟಿದ್ದಳು. ಒಂದೊಂದು ಸಲ ಪರೀಕ್ಷೆ ಮಾಡಿದರೂ ಬ್ಯಾಟರಿಯ ಜೀವ ಅಷ್ಟು ಕಮ್ಮಿ. ಮೊದಲು ಪೆಟ್ಟಿಗೆಯಿಂದ ಕಂಬದ ಕೇಬಲ್ಲು ತೆಗೆದು, ಆ ಜಾಗದಲ್ಲಿ ಒಂದು ಬಲ್ಬು ಸಿಕ್ಕಿಸಿ ಕೀಲಿ ಒತ್ತಿದಳು. ಬಲ್ಬು ಹೊತ್ತಿತು. ಹಾಗಾದರೆ ಪೆಟ್ಟಿಗೆ ಸರಿ ಇದೆ. ಜನ ಹೋ ಅಂದಿತು, ದೋಣಿಯೇ ಬಂದ ಹಾಗೆ. ಅಲ್ಲ ಮಾರಾಯ್ರೇ, ಇದು ಬರೀ ಬಲ್ಬು, ಅಂದಳು.

ಆಮೇಲೆ ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ ಅಂಗಳದಲ್ಲಿ ಹಾಸಿ, ಟಾರ್ಚಿನ ಸೆಲ್ಲು ಹಿಡಿದು, ಒಳಗಿನ ತಂತಿ ಹರಿದಿದೆಯಾ, ಹೊರಗಿನ ಜಾಲರಿಗೆ ತಾಗಿದೆಯಾ ಅಂತ ಮೊಳ ಮೊಳ ನೋಡಿದಳು. ಅದೂ ಸರಿ ಇತ್ತು. ಕಂಬದ ಜೋಡಣೆ ಸಡಿಲವಾಗಿದೆಯೋ ಅಂತ ಏಣಿ ಹಾಕಿಸಿದಳು. ಸೀರೆ ಕಚ್ಚೆ ಹಾಕಿ ಏರಿದಳು, ಮೀಸೆ ಇದ್ದವರು ಕೆಳಗೆ ಏಣಿ ಹಿಡಿದು ನೆಲ ನೋಡಿದರು. ಜೋಡಣೆ ಬಿಗಿಯಾಗಿತ್ತು. ನೆರೆಯ ಕೆಸರಿನಲ್ಲಿ ಮಂಡಿಯೂರಿ ತಾಮ್ರದ ಬೇರುಗಳನ್ನು ಬೆರಳಲ್ಲೇ ತಡಕಿದಳು. ಮೂರು ತುಂಡಾಗಿದ್ದವು, ಹೊಸೆದು ಸೇರಿಸಿದಳು. ಓಡಿಹೋಗಿ ಕೀಲಿ ಒತ್ತಿದಳು. ಮುಳ್ಳು ಕೆಂಪಿನಲ್ಲೇ.

ಉಳಿದದ್ದು ಒಂದೇ, ಗಡಿಗೆಯ ಒಳಗೆ. ಅದನ್ನು ಮಳೆಗಾಲಕ್ಕೆ ಮುಂಚೆ ಅವಳೇ ತೊಳೆದು, ಒರೆಸಿ, ಮುಚ್ಚಿ ಇಟ್ಟಿದ್ದಳು, ಸಂಶಯವೇ ಇರಲಿಲ್ಲ. ಅವಳು ಗಡಿಗೆಗೆ ಕೈ ಹಾಕಿದ ಕೂಡಲೇ ಎಂಟು ಮನೆಯ ಹೆಂಗಸರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಮಾದೇವಿ ತಿರುಗಿ ನೋಡಿದಳು. ಎಲ್ಲರೂ ತಮ್ಮ ತಮ್ಮ ಕಾಲುಂಗುರ ನೋಡಿಕೊಳ್ಳುತ್ತಿದ್ದರು.

ಗಡಿಗೆ ಎತ್ತಿದಳು.

ಏನಿತ್ತು ಗೊತ್ತಾ? ಲುಂಗಿಯ ಅಂಚು. ನೀಲಿ ದಾರ. ಬೀಡಿ ಚೀಲದ ಲಾಡಿ. ಒಂದು ಮಾಸಿದ ತಲೆವಸ್ತ್ರ. ಎಲ್ಲ ಕಂಬದ ಬುಡಕ್ಕೆ ಗಂಟು ಹಾಕಿ, ತುದಿ ನೆಲಕ್ಕೆ ಬಿಟ್ಟದ್ದು. ಧಕ್ಕೆಯ ಗೂಟ ಹೋದ ಮೇಲೆ ಊರಲ್ಲಿ ಉಳಿದ ಕಂಬ ಇದೊಂದೇ. ಎದುರು ಸಿಕ್ಕರೆ ಮಾದೇವಿಗೆ ಮುಖ ತಿರುಗಿಸುತ್ತಿದ್ದವರೆಲ್ಲ, ಅವಳು ಬೆಳಚಿಗೆ ಹೋದ ಹೊತ್ತು ನೋಡಿ, ಒಬ್ಬೊಬ್ಬರೇ ಬಂದು, ಒಬ್ಬರಿಗೊಬ್ಬರು ಹೇಳದೆ ಕಟ್ಟಿ ಹೋಗಿದ್ದರು. ಕಾಣಬಾರದು ಅಂತ ಗಡಿಗೆಯ ಒಳಗೇ ಕಟ್ಟಿದ್ದರು!

ದಾರ, ಬಟ್ಟೆ ಏನೂ ಮಾಡುತ್ತಿರಲಿಲ್ಲ. ಆದರೆ ಅವುಗಳ ನಡುವೆ ಒಂದು ಬೆಳ್ಳಿಯ ಉಡಿದಾರ. ಒಂದು ಕೊನೆ ಕಂಬಕ್ಕೆ ಎರಡು ಸುತ್ತು ಸುತ್ತಿತ್ತು. ಇನ್ನೊಂದು ಕೊನೆ ನೆಲಕ್ಕೆ ಇಳಿಯುತ್ತ ತಾಮ್ರದ ಬಳೆಯ ಮೇಲೆ ಸರಿಯಾಗಿ ಬಿದ್ದಿತ್ತು. ಕಂಬಕ್ಕೂ ಬಳೆಗೂ ತಾಗಿಸಿದ್ದು ಅದೇ. ಎಂಟು ಜನರ ಸುದ್ದಿಯನ್ನು ಕಟ್ಟಿಹಾಕಿದ್ದು ಅದೇ.

ಯಾರದ್ದು ಅಂತ ಮಾದೇವಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅತ್ತೆ ಇಬ್ಬರು ಮಕ್ಕಳಿಗೂ ಒಂದೇ ಅಕ್ಕಸಾಲಿಗನಲ್ಲಿ ಒಂದೇ ತೂಕದ ಉಡಿದಾರ ಮಾಡಿಸಿದ್ದಳು. ಸಣ್ಣುವಿನ ಸೊಂಟದ್ದನ್ನು ಅವನು ಹೋದ ದಿನ ಮಾದೇವಿಯೇ ಬಿಚ್ಚಿದ್ದಳು. ಆ ಕೊಂಡಿ ಎಷ್ಟು ಬಿಗಿ, ಬಿಚ್ಚುವಾಗ ಉಗುರು ಹೇಗೆ ಸೀಳುತ್ತದೆ ಅಂತ ಅವಳ ಕೈಗೆ ನೆನಪಿತ್ತು. ಇದು ಅದರ ಜೋಡಿ, ಸಮುದ್ರಕ್ಕೆ ಹೋಗುವಾಗ ಮನೆಯಲ್ಲಿ ಬಿಚ್ಚಿಟ್ಟು ಹೋದದ್ದು. ಗರಗಸ ಇಡುತ್ತೇನೆ ಅಂದವನದ್ದು.

ಅವಳು ಕೈ ಚಾಚುವಷ್ಟರಲ್ಲಿ ಬೀರಮ್ಮ ಬಂದು ಕಂಬವನ್ನು ತಬ್ಬಿಕೊಂಡಳು. ಸೆರಗು ಎಲ್ಲೋ, ಕೂದಲು ಎಲ್ಲೋ.

"ಮುಟ್ಟಬ್ಯಾಡ! ನೀ ಮುಟ್ಟಿದ್ರೆ ನನ್ನ ತಾಳಿ ಹೋಯ್ತು! ನಿಂದು ಹೋಯ್ತಲ್ಲ, ನಂದೂ ಹೋಗ್ಲಿ ಅಂತ ಮಾಡ್ತಿದ್ಯಾ?"

ಅಂಥ ಮಾತನ್ನು ಆಡಬಾರದು, ಆಡಿದಳು. ಉಳಿದ ಏಳು ಹೆಂಗಸರಲ್ಲಿ ಅರ್ಧ ಜನ ಉಡಿದಾರ ಕಿತ್ತು ಎಸಿ ಅಂದರು, ಅರ್ಧ ಜನ ಅಯ್ಯೋ ಬೇಡ ಅಂದರು. ಹಿಡಿದು ಎಳೆದು ಬಿಚ್ಚಿಸುವುದು ಕಷ್ಟವಿರಲಿಲ್ಲ, ಬೀರಮ್ಮ ಮೂರು ದಿನದಿಂದ ಉಂಡಿರಲಿಲ್ಲ. ಬ್ಯಾಟರಿಯಲ್ಲಿ ಉಳಿದದ್ದು ಒಂದು ಮಾತು ಕಳಿಸಿ ಒಂದು ಮಾತು ಕೇಳುವಷ್ಟು. ನಾಲ್ಕು ಗಂಟೆ ಹತ್ತಿರ ಬರುತ್ತಿತ್ತು. ನಾಲ್ಕು ದಾಟಿದರೆ ಸಾವಂತ ಮಾಸ್ತರ ಎದ್ದು ಹೋಗುತ್ತಾನೆ.

ಮಾದೇವಿ ಕೆಸರಿನಲ್ಲೇ ಬೀರಮ್ಮನ ಎದುರು ಕೂತಳು. ಕೂತು, ತೀರ ಸಣ್ಣ ದನಿಯಲ್ಲಿ ಹೇಳಿದಳಂತೆ.

"ಅಕ್ಕ, ಬಿಚ್ಚು ಅಂತ ನಾ ಹೇಳಿಲ್ಲ. ಗಂಟು ಹಾಗೇ ಇರ್ಲಿ. ಬರೀ ಆ ಕೆಳಗಿನ ತುದಿ ಎತ್ತಿ ಹಿಡಿ. ನಾ ಮುಟ್ಟೂದಿಲ್ಲ, ನೀನೇ ಹಿಡಿ. ಮಾತು ಮುಗಿದ ಮೇಲೆ ನೀನೇ ಇಳಿಸು."

"ನೆಲ ಬಿಟ್ರೆ ಅವ್ರು ನೀರಲ್ಲೇ..."

"ನೆಲ ಮುಟ್ಟಿದ್ರೆ ಅವ್ರು ಎಲ್ಲಿದ್ದಾರೆ ಅಂತ ನಮ್ಗೆ ಯಾರು ಹೇಳೂದು? ಕೂಸು ಎತ್ಕಂಡ ಹಾಗೆ ಎತ್ಕೋ. ಎತ್ಕಂಡ ಮಾತ್ರಕ್ಕೆ ಕೂಸು ನೆಲ ಮರೀತದಾ?"

ಬೀರಮ್ಮ ಕಂಬ ಬಿಟ್ಟಳು. ಆಮೇಲೆ ಕೈ ಮುಂದೆ ಮಾಡಿದಳು. ಬರಿಗೈಯಲ್ಲಿ ಬೇಡ, ಕಂಬ ಮಾತಾಡುವಾಗ ಮುಟ್ಟಿದರೆ ಚುರುಕ್ ಅಂತ ಸುಡುತ್ತದೆ ಅಂತ ಮಾದೇವಿ ಅಡುಗೆಮನೆ ಅಟ್ಟದ ಒಣ ಬಿದಿರುಕೋಲು ತಂದುಕೊಟ್ಟಳು. ಬೀರಮ್ಮ ಕೋಲಿನ ತುದಿಯಲ್ಲಿ ಉಡಿದಾರದ ತುದಿ ಎತ್ತಿದಳು. ಬಳೆಗೂ ಬೆಳ್ಳಿಗೂ ನಡುವೆ ಒಂದು ಗೇಣು ಗಾಳಿ.

ಒಳಗೆ ಮಾದೇವಿ ಕೀಲಿ ಒತ್ತಿದಳು. ಮೀಟರಿನ ಮುಳ್ಳು ಕೆಂಪು ಬಿಟ್ಟು ಇಳಿದು, ಈಚೆ ಬದಿಗೆ ಬಂದು ಮಲಗಿತು. ಸತ್ತ ಪೆಟ್ಟಿಗೆಯಲ್ಲಿ ಲೋಕವೆಲ್ಲ ಒಂದೇ ಸಲ ಕಿಚಿಪಿಚಿ ಅಂತ ಎದ್ದಿತು. ನಾಲ್ಕು ಗಂಟೆಗೆ ಸಾವಂತ ಮಾಸ್ತರ ಬಂದ. ಮಾದೇವಿ ದೋಣಿಯ ಹೆಸರು, ಎಂಟು ಜನರ ಹೆಸರು ಕಳಿಸಿದಳು. ತಡೆ, ಸೈಕಲ್ಲಿನಲ್ಲಿ ಬಂದರಿಗೆ ಹೋಗಿ ಬರುತ್ತೇನೆ, ಅಂತ ಅವನು ಹೇಳಿ ಹೋದ.

ಹೋಗಿ ಬರಲು ಎಷ್ಟು ಹೊತ್ತಾಯಿತು ಅನ್ನುವುದಕ್ಕೆ ಊರಿನಲ್ಲಿ ಒಂದೇ ಮಾತಿಲ್ಲ. ಒಂದು ತಾಸು ಅಂತಾರೆ. ಎರಡು ಅಂತಾರೆ. ಏರುನೀರು ಬೀರಮ್ಮನ ಪಾದದಿಂದ ಮೊಣಕಾಲಿಗೆ ಬಂತು ಅಂತಾರೆ. ಸ್ವಲ್ಪ ಇಳಿಸು, ಉಸಿರು ತಕ್ಕೋ ಅಂದರೆ ಕೇಳಲಿಲ್ಲ. ಯಾವ ಗಳಿಗೆಯಲ್ಲಿ ಉತ್ತರ ಬರುತ್ತದೋ ಯಾರಿಗೆ ಗೊತ್ತು? ತೋಳು ನಡುಗಿದರೆ ಹೆಗಲಿಗೆ ಕೋಲು ಆನಿಸಿದಳು, ಹೆಗಲು ನಡುಗಿದರೆ ತಲೆಗೆ ಆನಿಸಿದಳು. ಒಂದು ಸಲ ತುದಿ ಜಾರಿ ಬಳೆಗೆ ತಾಗಿತು, ಒಳಗೆ ಕಿಚಿಪಿಚಿ ನಿಂತಿತು. "ಅಕ್ಕಾ!" ಅಂತ ಮಾದೇವಿ ಕೂಗಿದಳು. "ಎತ್ತಿದೆ, ಎತ್ತಿದೆ!" ಅಂತ ಬೀರಮ್ಮ ಕೂಗಿದಳು. ಎಷ್ಟೋ ವರ್ಷದ ಮೇಲೆ ಅವರಿಬ್ಬರ ನಡುವೆ ಬೈಗುಳವಿಲ್ಲದ ಮಾತು ಅವತ್ತಿನದ್ದೇ.

ಆಮೇಲೆ ಟಿಕ್ಕಿ ಟಿಕ್ಕಿ ಶುರುವಾಯಿತು. ಮಾದೇವಿ ಕ್ಯಾಲೆಂಡರಿನ ಹಾಳೆ ಹಿಂದೆ ಬರೆದುಕೊಂಡಳು. ಬರೆಯುತ್ತ ಬರೆಯುತ್ತ ಕಿಟಕಿಯಿಂದ ಹೊರಗೆ ಓದಿದಳು. ಚುಕ್ಕಾಣಿ ಮುರಿದಿದೆ. ದೋಣಿ ಇಲ್ಲಿಯ ಹಿನ್ನೀರಿಗೆ ಬಂದು ಸೇರಿದೆ. ಎಂಟು ಜನರೂ ಇದ್ದಾರೆ.

ಅಳುವವರು ಅತ್ತರು, ನೆಲಕ್ಕೆ ಕೂರುವವರು ಕೂತರು. ಬೀರಮ್ಮ ಮಾತ್ರ ಕೋಲು ಇಳಿಸಲಿಲ್ಲ.

"ಅದು ಟಿಕ್ ಅಂದದ್ದು ನಾವೂ ಕೇಳಿದ್ದೇವೆ. ಇದ್ದಾರೆ ಅಂದದ್ದು ನೀನೊಬ್ಳೇ ಕೇಳಿದ್ದು. ನಂಬೂದು ಹ್ಯಾಂಗೆ ಮಾರಾಯ್ತಿ?"

ಮಾದೇವಿ ಮತ್ತೆ ಬರೆಯತೊಡಗಿದಳು. ಟಿಕ್ಕಿ ನಿಂತಿರಲಿಲ್ಲ. ಮಾಸ್ತರ ಹಳೇ ಕೈ, ಮನೆಯವರು ನಂಬಲಿ ಅಂತ ಜಟ್ಟಪ್ಪನ ಹತ್ತಿರ ಒಂದು ಗುರುತಿನ ಮಾತು ಕೇಳಿಕೊಂಡು ಬಂದಿದ್ದ. ಅದನ್ನು ಬರೆದುಕೊಳ್ಳುತ್ತ ಮಾದೇವಿಯ ಕೈ ನಡುವೆ ನಿಂತಿತು. ಏನೇ, ಏನು ಬಂತೇ ಅಂತ ನಲವತ್ತು ಮನೆ ಕಿಟಕಿಗೆ ಮುಖ ಒತ್ತಿತು. ಮಾದೇವಿ ಕಣ್ಣು ಎತ್ತದೆ, ಒಂದಕ್ಷರ ಬಿಡದೆ ಓದಿದಳು.

"ಪಟ್ಟೆ ಹುಂಜ ಕದ್ದವಳು ಮಾದೇವಿ ಅಲ್ಲ. ನಾನು. ದೋಣಿಯಲ್ಲಿ ಸಾರು ಮಾಡಿ ತಿಂದೆವು. ಬೀರಿಗೆ ಹೇಳಿ."

ಆ ಹುಂಜದ ಕಥೆ ಊರಿಗೆಲ್ಲ ಗೊತ್ತು. ಹಿಂದಿನ ವರ್ಷ ಬೀರಮ್ಮನ ಮನೆಯಿಂದ ಕಳೆದುಹೋದದ್ದು. ಮಾದೇವಿಯೇ ಕದ್ದು ತಿಂದಳು ಅಂತ ಬೀರಮ್ಮ ದೇವರ ಕಟ್ಟೆಯಲ್ಲಿ ಕಾಯಿ ಒಡೆದು, ಅವಳ ಹೆಸರು ಹಿಡಿದು ಶಾಪ ಹಾಕಿದ್ದಳು. ಸಾಯುತ್ತೇನೆ ಅಂತ ಹೆದರಿದವನಿಗೆ ನಡುಗಡಲಲ್ಲಿ ನೆನಪಾದದ್ದು ಅದೊಂದು ಹುಂಜ ನೋಡಿ!

ಬೀರಮ್ಮ, ಕೋಲು ಎತ್ತಿ ಹಿಡಿದುಕೊಂಡೇ, ಹೊಳೆಯ ಆಚೆ ದಡಕ್ಕೆ ಕೇಳುವ ಹಾಗೆ ಕೂಗಿದಳು.

"ಹಲ್ಕಟ್! ಬರ್ಲಿ ಅವ ಮನೆಗೆ! ಸಾರು ಬೇಕಾ ಅವಂಗೆ, ಸಾರು!"

ಬೀರಮ್ಮ ಗಂಡನನ್ನು ಬೈದಳು ಅಂದ ಮೇಲೆ ಗಂಡ ಬದುಕಿದ್ದಾನೆ ಅಂತ ಊರಿಗೂ ನಂಬಿಕೆ ಬಂತು. ಬೈಯುತ್ತ ಬೈಯುತ್ತ ಅವಳು ಅತ್ತಳು. ಬ್ಯಾಟರಿ ಸತ್ತು ಪೆಟ್ಟಿಗೆಯ ದೀಪ ಆರಿದ್ದು ಕಂಡು ಮಾದೇವಿ ಹೊರಗೆ ಬಂದು, ಇನ್ನು ಇಳಿಸು ಅಕ್ಕ, ಅಂದಳು. ಬೀರಮ್ಮನಿಗೆ ಕೈ ಮಡಚಲೇ ಬರಲಿಲ್ಲ. ಮಾದೇವಿ ಹಿಂದಿನಿಂದ ಬಂದು ಅವಳ ತೋಳು ಹಿಡಿದು, ಉಡಿದಾರಕ್ಕೆ ತನ್ನ ಬೆರಳು ತಾಗದ ಹಾಗೆ, ಮೆಲ್ಲಗೆ ತುದಿಯನ್ನು ನೆಲಕ್ಕೆ ಮುಟ್ಟಿಸಿದಳು. ಈ ಸಲ ಬಳೆಯ ಮೇಲಲ್ಲ, ಪಕ್ಕದ ಮಣ್ಣಿಗೆ.

ಹತ್ತು ದಿನಕ್ಕೆ ದೋಣಿ ಬಂತು. ಜಟ್ಟಪ್ಪ ಕಂಬಕ್ಕೆ ಗರಗಸ ಇಡಲಿಲ್ಲ. ಇಡುವುದಿರಲಿ, ಮೂರು ದಿನ ಹೊರಗೇ ಬರಲಿಲ್ಲ, ಹೆಂಗಸರೆಲ್ಲ ಕೋ ಕೋ ಅಂತ ಕೂಗುತ್ತಿದ್ದರು. ನಾಲ್ಕನೇ ದಿನ ಬಂದು ಉಡಿದಾರ ಬಿಚ್ಚಿ ಕಟ್ಟಿಕೊಂಡ. ಮಾದೇವಿ ಹತ್ತಿರ ಏನು ಹೇಳಿದನೋ, ಅಡುಗೆಮನೆಯಲ್ಲಿ ಹೇಳಿದ್ದು ಹೊರಗೆ ಬಂದಿಲ್ಲ. ಮಾರನೇ ದಿನ ಅವಳ ಬಾಗಿಲಲ್ಲಿ ಕಾಲು ಕಟ್ಟಿದ ಒಂದು ಪಟ್ಟೆ ಹುಂಜ ಕೂತಿತ್ತು ಅಂತ ಮಾತ್ರ ಗೊತ್ತು. ವಾರಗಿತ್ತಿಯರು ಆಮೇಲೂ ಜಗಳ ಮಾಡಿದರು. ಮಾಡದೆ? ಆದರೆ ಬೀರಮ್ಮನ ಎದುರು ಬೇರೆ ಯಾರಾದರೂ ಮಾದೇವಿಯ ನಾಲ್ಕು ಗಂಟೆಯ ಬಗ್ಗೆ ತುಟಿ ಎರಡು ಮಾಡಿದರೆ, ಅವರ ಏಳು ತಲೆಮಾರಿನ ಹಾದರ ಹೊರಗೆ ಬರುತ್ತಿತ್ತು. ಎಲ್ಲ ಅವಳಿಗೆ ಬಾಯಿಪಾಠ.

ಈಗ ಮಾದೇವಿಯೂ ಇಲ್ಲ, ಬೀರಮ್ಮನೂ ಇಲ್ಲ. ಆ ಕಂಬ ಉಪ್ಪುಗಾಳಿಗೆ ತೂತು ಬಿದ್ದು ಹೋಗಿ, ಅದರ ಜಾಗದಲ್ಲಿ ಈಗ ನಿಂತಿರುವುದು ನಾಲ್ಕನೆಯದು. ಲೈಸೆನ್ಸು ಇರುವ ಇಬ್ಬರು ಹೆಂಗಸರು ಊರಲ್ಲಿದ್ದಾರೆ. ಎಲ್ಲರ ಕೈಯಲ್ಲಿ ಮೊಬೈಲು ಇದೆ. ಆದರೂ ದೋಣಿ ಒಂದು ದಿನ ತಡವಾಗಲಿ, ಕಗ್ಗದಕೊಪ್ಪದವರು ಧಕ್ಕೆಗೆ ಹೋಗುವುದಿಲ್ಲ, ಈ ಕಂಬಕ್ಕೇ ಬಂದು ಕಟ್ಟುತ್ತಾರೆ. ಕದ್ದು ಕಟ್ಟುವುದಿಲ್ಲ, ಹಗಲಿನಲ್ಲಿ ಎಲ್ಲರ ಎದುರು ಕಟ್ಟುತ್ತಾರೆ. ನಾಲ್ಕು ಗಂಟೆಗೆ ಒಬ್ಬಳು ಒಳಗೆ ಕೂತು ಪೆಟ್ಟಿಗೆ ತೆರೆಯುತ್ತಾಳೆ. ಹೊರಗೆ ಒಬ್ಬಳು ಒಣ ಬಿದಿರು ಹಿಡಿದು, ಕಟ್ಟಿದ ತುದಿಗಳನ್ನೆಲ್ಲ ನೆಲದಿಂದ ಒಂದು ಗೇಣು ಎತ್ತಿ ನಿಲ್ಲುತ್ತಾಳೆ, ಬರೀ ದಾರ ಕಟ್ಟಿದ್ದರೂ ಸರಿ. ಹಾಗೆ ಹಿಡಿಯುವವಳು ಒಳಗೆ ಕೂತವಳ ಜೊತೆ ಮಾತು ಬಿಟ್ಟವಳೇ ಆಗಿರಬೇಕು ಅಂತ ಕಟ್ಟಲೆ. ಅಂಥವಳನ್ನು ಹುಡುಕಲು ಆ ಊರಿನಲ್ಲಿ ಇವತ್ತಿನ ತನಕ ಯಾರೂ ಎರಡನೇ ಮನೆಗೆ ಹೋಗಬೇಕಾಗಿ ಬಂದಿಲ್ಲ. ಕರೆದ ಕೂಡಲೇ ಬರುತ್ತಾಳೆ. ಮುಖ ಊದಿಸಿಕೊಂಡೇ ಬರುತ್ತಾಳೆ, ಆದರೆ ಒಳಗಿನವಳು ಸಾಕು ಅನ್ನುವ ತನಕ ಕೈ ಇಳಿಸುವುದಿಲ್ಲ.